ಆರೋಗ್ಯದ ಕಡತಗಳ ಕುರಿತು ಕಾಳೀತೀರದ ಬಂಧುಗಳಲ್ಲಿ ಒಂದು ವಿಜ್ಞಾಪನೆ

ಕುಳಗಿ, ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಸನ್ಮಾನ್ಯ ಬಂಧುಗಳೆ,

ಕಾಗದದ ಮೇಲಿದ್ದ ರೋಗಿಗಳ ವೃತ್ತಾಂತವನ್ನು ಗಣಕಯಂತ್ರಕ್ಕೆ ಏರಿಸುವ ಕಾರ್ಯವು ದೇಶದ ಆಸ್ಪತ್ರೆಗಳಲ್ಲಿ ಒಂದೊಂದಾಗಿ ನಡೆಯುತ್ತಿರುವ ಈ ಕಾಲದಲ್ಲಿ, ಅದು ವೈದ್ಯರಿಗೂ ಗುಮಾಸ್ತರಿಗೂ ಸಂಬಂಧಿಸಿದ ವ್ಯವಹಾರ, ನಮಗೇನು ಎಂದು ಸುಮ್ಮನಿದ್ದುಬಿಟ್ಟರೆ ಮುಂದೊಂದು ದಿನ ಪಶ್ಚಾತ್ತಾಪಪಡಬೇಕಾದೀತೆಂಬ ಶಂಕೆಯಿಂದ ಈ ಕೆಲವು ಮಾತುಗಳನ್ನು ತಮ್ಮ ಮುಂದಿಡುತ್ತಿದ್ದೇನೆ. ಆ ಕಾರ್ಯ ನಡೆಯಲೇಬೇಕು. ಅದರಲ್ಲಿ ನನಗೆ ಎರಡು ಅಭಿಪ್ರಾಯವಿಲ್ಲ. ಆದರೆ ರೋಗಿಯನ್ನು ಕೇಳದೆ, ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳದೆ, ಅವನ ಗುಟ್ಟಿಗೆ ಹೊಣೆಗಾರರು ಯಾರೆಂಬುದನ್ನು ನಿಶ್ಚಯಿಸದೆ ನಡೆಯಕೂಡದು.

ಕುಳಗಿಯ ಆಸುಪಾಸಿನ ಮನೆಗಳನ್ನು ಹೊಕ್ಕರೆ, ದೇವರ ಗೂಡಿನ ಪಕ್ಕದಲ್ಲಿಯೋ ತೊಲೆಗೆ ಹೊಡೆದ ಮೊಳೆಯಲ್ಲಿಯೋ ತೂಗುಬಿದ್ದ ಒಂದು ಪ್ಲಾಸ್ಟಿಕ್ ಚೀಲವು ಕಣ್ಣಿಗೆ ಬೀಳುತ್ತದೆ. ಆ ಕುಟುಂಬದ ಆರೋಗ್ಯದ ಇತಿಹಾಸವೆಲ್ಲವೂ ಅದರೊಳಗೇ ಇರುತ್ತದೆ. ದಾಂಡೇಲಿಯ ಸರ್ಕಾರಿ ಆಸ್ಪತ್ರೆಯ ಹೊರರೋಗಿ ಚೀಟಿ, ಹುಬ್ಬಳ್ಳಿಯ ಡಿಸ್ಚಾರ್ಜ್ ಕಾರ್ಡು, ಮಡಿಕೆ ಬಿದ್ದಲ್ಲಿ ಬಿಳಿಗೆರೆ ಮೂಡಿದ ಎಕ್ಸ್‌ರೇ, ಸೊಸೆಯ ತಾಯಿ ಕಾರ್ಡು, ಔಷಧದ ಹೆಸರು ನಾಲಿಗೆಗೆ ಹತ್ತದೆಂದು ಜೋಪಾನಮಾಡಿಟ್ಟ ಖಾಲಿ ಗುಳಿಗೆಯ ಪಟ್ಟಿ, ಇವೆಲ್ಲವೂ ಒಂದರೊಳಗೊಂದು ಸೇರಿಕೊಂಡು, ಮಳೆಗಾಲದ ನಾಲ್ಕು ತಿಂಗಳ ತೇವಕ್ಕೆ ಬೂಷ್ಟು ಹಿಡಿದು, ಒರಲೆಗೆ ಆಹಾರವಾಗದೆ ಉಳಿದಷ್ಟು ಉಳಿಯುತ್ತವೆ. ಇಸಿಜಿಯನ್ನು ಮುದ್ರಿಸುವ ಕಾಗದವಂತೂ ಶಾಖಕ್ಕೆ ಬಣ್ಣ ತಳೆಯುವ ಜಾತಿಯದು. ಬಿಸಿಲಿಗೆ ಸಿಕ್ಕಿ ಅದರ ರೇಖೆಗಳು ಕೆಲವೇ ವರ್ಷಗಳಲ್ಲಿ ಮಸಕಾಗಿ, ಹಿಂದೊಮ್ಮೆ ಆದ ಹೃದಯಾಘಾತದ ಏಕಮಾತ್ರ ಸಾಕ್ಷ್ಯವು ಬರಿಯ ಬಿಳಿಯ ಪಟ್ಟಿಯಾಗಿ ವೈದ್ಯರ ಕೈಸೇರುವುದುಂಟು.

ಆಸ್ಪತ್ರೆಯಲ್ಲಿ ಪ್ರತಿ ಇದ್ದೇ ಇರುತ್ತದೆಯಲ್ಲ ಎಂದು ಯಾರಾದರೂ ಹೇಳಿಯಾರು. ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ವಿಧಿಸಿದ ನಿಯಮಗಳ ಪ್ರಕಾರ ವೈದ್ಯರು ಒಳರೋಗಿಯ ದಾಖಲೆಯನ್ನು ಕಾಪಾಡಬೇಕಾದ ಅವಧಿ ಚಿಕಿತ್ಸೆ ಆರಂಭವಾದಂದಿನಿಂದ 3 ವರ್ಷ ಮಾತ್ರ. ರೋಗಿಯು ಕೇಳಿದಲ್ಲಿ 72 ಗಂಟೆಗಳೊಳಗಾಗಿ ಅದನ್ನು ಕೊಡತಕ್ಕದ್ದೆಂಬ ವಿಧಿಯೂ, ದಾಖಲೆಗಳನ್ನು ಗಣಕೀಕರಿಸಿ ಬೇಗನೆ ಸಿಗುವಂತೆ ಮಾಡಲು ಪ್ರಯತ್ನಿಸಬೇಕೆಂಬ ಹಿತವಚನವೂ ಆ ನಿಯಮಗಳಲ್ಲಿಯೇ ಉಂಟು. ಕೇಳಿ ಪಡೆದವರು ನಮ್ಮಲ್ಲಿ ಎಷ್ಟು ಮಂದಿ? ಕೇಳಬಹುದೆಂದು ತಿಳಿದವರೇ ವಿರಳ. ಮೇಲಾಗಿ ನಮ್ಮ ಸೀಮೆಯ ರೋಗಿಗೆ ಒಂದೇ ಆಸ್ಪತ್ರೆಯಲ್ಲಿ ಗುಣವಾಗುವ ಯೋಗವಿಲ್ಲ. ಜ್ವರ ತೀವ್ರವಾದರೆ ದಾಂಡೇಲಿ, ಅಲ್ಲಿಂದ ಹುಬ್ಬಳ್ಳಿ ಅಥವಾ ಧಾರವಾಡ. ಜಿಲ್ಲಾ ಕೇಂದ್ರವೆಂದು ಕಾರವಾರಕ್ಕೆ ಹೊರಟರೆ ಘಟ್ಟವಿಳಿಯಬೇಕು. ಜೋಯಿಡಾ ತಾಲೂಕಿನ ರಾಮನಗರದವರು ಬೆಳಗಾವಿಗೋ, ರಾಜ್ಯದ ಗಡಿ ದಾಟಿ ಗೋವೆಯ ಬಾಂಬೋಳಿಗೋ ಹೋಗುತ್ತಾರೆ. ಹೋದ ಹೋದಲ್ಲಿ ಅದೇ ರಕ್ತಪರೀಕ್ಷೆ, ಅದೇ ಪ್ರಶ್ನೆ, ಅದೇ ಖರ್ಚು. ದಿನಗೂಲಿಯನ್ನು ಬಿಟ್ಟು ಬಂದವನಿಗೆ ಹಿಂದಿನ ವಾರವೇ ಆದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸೆಂದು ಹೇಳುವುದು ಚಿಕಿತ್ಸೆಯ ಹೆಸರಿನಲ್ಲಿ ವಿಧಿಸಿದ ದಂಡವಲ್ಲದೆ ಮತ್ತೇನು?

ಕಾಗದದ ಗಿರಣಿಯಿಂದಲೇ ಊರಾಗಿ ಬೆಳೆದ ದಾಂಡೇಲಿಯ ಜನರ ಮುಂದೆ ನಿಂತು ಕಾಗದವನ್ನು ಬಿಟ್ಟುಬಿಡಿ ಎನ್ನುವುದು ಕೊಂಚ ಉದ್ಧಟತನವೆನಿಸೀತು. ಕಾಗದದ ಮೇಲೆ ನನಗೆ ದ್ವೇಷವಿಲ್ಲ. ಅದರಲ್ಲಿದ್ದ ಒಂದು ದೊಡ್ಡ ಗುಣವನ್ನು ಎತ್ತಿ ಹೇಳುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ. ಕಾಗದವು ಇದ್ದಲ್ಲಿಯೇ ಇರುತ್ತದೆ. ಅದನ್ನು ಓದಬೇಕಾದರೆ ಕಪಾಟಿನ ಬಳಿಗೆ ಹೋಗಬೇಕು, ಬೀಗ ತೆಗೆಯಬೇಕು, ಕಟ್ಟು ಬಿಚ್ಚಬೇಕು, ವೈದ್ಯರ ಅಕ್ಷರವನ್ನು ಬಿಡಿಸಿಕೊಳ್ಳಬೇಕು. ಇಷ್ಟು ಶ್ರಮವೇ ಇಷ್ಟು ಕಾಲ ನಮ್ಮ ರಹಸ್ಯಗಳಿಗೆ ಕಾವಲಾಗಿತ್ತು. ಅದೇ ಹಾಳೆಯು ಚಿತ್ರವಾಗಿ ಯಂತ್ರದೊಳಗೆ ಸೇರಿದೊಡನೆ ಆ ಶ್ರಮವು ಇಲ್ಲವಾಗುತ್ತದೆ. ಒಬ್ಬನ ಕಾಯಿಲೆಯನ್ನು ಕದಿಯುವುದಕ್ಕೂ ಸಾವಿರ ಮಂದಿಯ ಕಾಯಿಲೆಗಳನ್ನು ಕದಿಯುವುದಕ್ಕೂ ಹಿಡಿಯುವ ಹೊತ್ತಿನಲ್ಲಿ ಹೇಳಿಕೊಳ್ಳುವಂಥ ಅಂತರ ಉಳಿಯುವುದಿಲ್ಲ.

ರೋಗಿಯ ಗುಟ್ಟನ್ನು ಕಾಪಾಡುವುದು ಪಾಶ್ಚಾತ್ಯರಿಂದ ಬಂದ ನಾಜೂಕೆಂದು ಬಗೆಯುವವರಿಗೆ ಒಂದು ಮಾತು: ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಆಚಾರ್ಯನು ಶಿಷ್ಯನಿಗೆ ಉಪದೇಶಿಸುವಾಗ, ರೋಗಿಯ ಮನೆಯೊಳಗಿನ ವಿಚಾರಗಳನ್ನು ಹೊರಗೆ ಆಡಕೂಡದೆಂದು ಸ್ಪಷ್ಟವಾಗಿ ವಿಧಿಸಿದ್ದಾನೆ. ಆಧುನಿಕ ನ್ಯಾಯಶಾಸ್ತ್ರದಲ್ಲಿ ಇದಕ್ಕೆ ಸಂವಿಧಾನದ ಬಲವನ್ನು ತಂದುಕೊಟ್ಟ ಮೊಕದ್ದಮೆಗೆ ಕನ್ನಡ ನಾಡಿನವರೊಬ್ಬರ ಹೆಸರೇ ನಿಂತಿದೆ. ಕರ್ನಾಟಕ ಉಚ್ಚ ನ್ಯಾಯಾಲಯದಿಂದ ನಿವೃತ್ತರಾದ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತನ್ನು ದಾಟಿದ ಮೇಲೆ, ವಿಶ್ರಾಂತಿಯನ್ನು ಬಿಟ್ಟು, 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಬಾಗಿಲಿಗೆ ಹೋದರು. ಆ ಪ್ರಕರಣದಲ್ಲಿಯೇ 9 ಮಂದಿ ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು, ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. ಕೊನೆಯವರೆಗೂ ಬೆಂಗಳೂರಿನಲ್ಲಿ ಬಾಳಿದ ಆ ವೃದ್ಧರ ಹೆಸರು ನಮ್ಮ ಶಾಲೆಗಳಲ್ಲಿ ಕೇಳಿಬರದಿರುವುದು ಶೋಚನೀಯ.

ಇನ್ನು ಈಗಿನ ಯೋಜನೆಯ ಸ್ವರೂಪವನ್ನು ತಿಳಿಯೋಣ. 2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಪ್ರತಿಯೊಬ್ಬನಿಗೂ ಆಭಾ ಎಂಬ 14 ಅಂಕಿಗಳ ಸಂಖ್ಯೆಯನ್ನು ಕೊಡುತ್ತದೆ. ದಾಖಲೆಗಳೆಲ್ಲವನ್ನೂ ದೆಹಲಿಯ ಒಂದೇ ಭಂಡಾರದಲ್ಲಿ ರಾಶಿಹಾಕುವ ವ್ಯವಸ್ಥೆ ಇದಲ್ಲ. ಅವು ಆಯಾ ಆಸ್ಪತ್ರೆಯಲ್ಲಿಯೇ ಇದ್ದು, ಬೇರೊಬ್ಬ ವೈದ್ಯರು ನೋಡಬೇಕಾದಾಗ ಯಾವ ಉದ್ದೇಶಕ್ಕೆ, ಯಾವ ಕಾಗದ, ಎಷ್ಟು ದಿನದವರೆಗೆ ಎಂಬುದನ್ನು ತಿಳಿಸಿ ರೋಗಿಯ ಸಮ್ಮತಿಯನ್ನು ಪಡೆಯತಕ್ಕದ್ದೆಂದೂ, ಕೊಟ್ಟ ಸಮ್ಮತಿಯನ್ನು ರೋಗಿಯು ಹಿಂತೆಗೆದುಕೊಳ್ಳಬಹುದೆಂದೂ ಅದರ ಕಟ್ಟಳೆ. ಈ ಸಂಖ್ಯೆಯನ್ನು ಮಾಡಿಸಿಕೊಳ್ಳುವುದು ಐಚ್ಛಿಕ. ಇಲ್ಲವೆಂಬ ಕಾರಣಕ್ಕೆ ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ. ಕಟ್ಟಳೆಯೇನೋ ಚೆಂದವಾಗಿದೆ. ಅದು ಜೋಯಿಡಾದ ಕುಣಬಿ ಸಮುದಾಯದ ಒಂದು ಮನೆಯನ್ನು ಮುಟ್ಟುವಾಗ ಏನಾಗುತ್ತದೆಂಬುದನ್ನು ನೋಡಬೇಕು.

ಮನೆಗೆ ಒಂದೇ ಮೊಬೈಲು. ಅದು ಮಗನ ಕಿಸೆಯಲ್ಲಿರುತ್ತದೆ. ಮಗ ಗೋವೆಯಲ್ಲಿ ದುಡಿಯುತ್ತಾನೆ. ಸಿಗ್ನಲ್ಲು ಸಿಗಬೇಕಾದರೆ ಗುಡ್ಡವನ್ನೇರಬೇಕು. ನೋಂದಣಿಗೆ ನಂಬರು ಕೇಳಿದಾಗ ಸೊಸೆಯು ಪಕ್ಕದ ಮನೆಯವರದ್ದನ್ನೋ ಕಿರಾಣಿ ಅಂಗಡಿಯವನದ್ದನ್ನೋ ಹೇಳುತ್ತಾಳೆ. ಒಟಿಪಿ ಅಲ್ಲಿಗೇ ಹೋಗುತ್ತದೆ, ಅವನು ಕೂಗಿ ಹೇಳುತ್ತಾನೆ, ಇವಳು ಹೂಂ ಎನ್ನುತ್ತಾಳೆ. ಕಾನೂನಿನ ದೃಷ್ಟಿಯಲ್ಲಿ ಸಮ್ಮತಿ ಸಿಕ್ಕಿತು. ಸಮ್ಮತಿಯ ಕೀಲಿಕೈ ಮಾತ್ರ ಅಂದಿನಿಂದ ಆ ಅಂಗಡಿಯವನ ಕೈಯಲ್ಲಿ. ಅವನು ಸಜ್ಜನನೇ ಇರಬಹುದು. ಆದರೆ ಆಕೆಯ ಗರ್ಭದ ಸಂಗತಿ, ಆಕೆಯ ರಕ್ತಪರೀಕ್ಷೆಯ ಫಲಿತಾಂಶ ಅವನ ಸೌಜನ್ಯವನ್ನು ಅವಲಂಬಿಸಿರಬೇಕಾದ ಕಾರಣವೇನು?

ನಗರದವರ ಭಯ ದೂರದೇಶದ ಗಣಕಚೋರರದು. ದೆಹಲಿಯ ಏಮ್ಸ್ ಆಸ್ಪತ್ರೆಯ ಗಣಕಜಾಲವು 2022ರ ನವೆಂಬರ್ 23ರಂದು ಅಂಥವರ ದಾಳಿಗೆ ಸಿಕ್ಕಿ, ದೇಶದ ಅಗ್ರಗಣ್ಯ ಸಂಸ್ಥೆಯಲ್ಲಿ ದಿನಗಟ್ಟಲೆ ಕೈಬರಹದ ಚೀಟಿಗಳಿಂದಲೇ ಕೆಲಸ ಸಾಗಬೇಕಾಯಿತು. ನಮ್ಮ ಭಯ ಇದಕ್ಕಿಂತ ಸಮೀಪದ್ದು. ವಿಸ್ತಾರದಲ್ಲಿ ಜಿಲ್ಲೆಗೇ ದೊಡ್ಡದಾದ ಜೋಯಿಡಾ ತಾಲೂಕಿನಲ್ಲಿ 2011ರ ಜನಗಣತಿಯಂತೆ ಸುಮಾರು 50,000 ಜನ. ಕಾಡಿನ ನಡುವೆ ನಾಲ್ಕು ಮನೆ ಇಲ್ಲಿ, ಆರು ಮನೆ ಅಲ್ಲಿ. ಹೆಸರನ್ನು ಅಳಿಸಿ ಮಾಹಿತಿಯನ್ನು ಸಂಶೋಧಕರಿಗೆ ಕೊಡುತ್ತೇವೆ, ಯಾರ ಗುರುತೂ ಸಿಗದು ಎಂಬ ಆಶ್ವಾಸನೆ ಬೆಂಗಳೂರಿನ ಒಂದು ಬಡಾವಣೆಗೆ ಒಪ್ಪೀತು. ಇಂಥ ಊರಿನ, ಇಷ್ಟು ವಯಸ್ಸಿನ, ಸಿದ್ದಿ ಸಮುದಾಯದ ಸ್ತ್ರೀ, ಎರಡು ಮಕ್ಕಳ ತಾಯಿ ಎಂದ ಮಾತ್ರಕ್ಕೆ ಹಳಿಯಾಳದ ಬಸ್ಸಿನಲ್ಲಿ ಕುಳಿತ ಯಾರು ಬೇಕಾದರೂ ಆಕೆ ಯಾರೆಂದು ಹೇಳಿಬಿಡುತ್ತಾರೆ. ವಿರಳ ಜನಸಂಖ್ಯೆಯಲ್ಲಿ ಹೆಸರಿಲ್ಲದಿರುವುದು ಮರೆಯಲ್ಲ. 2023ರ ಜುಲೈಯಲ್ಲಿ ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನವು ಕರ್ನಾಟಕವನ್ನೂ ಒಳಗೊಂಡು ಬುಡಕಟ್ಟು ಜನರ ರಕ್ತವನ್ನು ಪರೀಕ್ಷಿಸಿ ಕಾರ್ಡುಗಳನ್ನು ಕೊಡುತ್ತದೆ. ಉದ್ದೇಶ ಶ್ಲಾಘ್ಯ, ಆದರೆ ಅದು ವಂಶದಲ್ಲಿ ಹರಿದುಬರುವ ರೋಗವಾದುದರಿಂದ ಆ ಕಾರ್ಡಿನ ವಿಷಯವು ಹೊರಬಿದ್ದರೆ ಒಬ್ಬ ಹುಡುಗಿಯ ವಿವಾಹವಷ್ಟೇ ಅಲ್ಲ, ಅವಳ ತಂಗಿಯರ ವಿವಾಹವೂ ನಿಲ್ಲಬಹುದು. ಮನೋರೋಗದ ಮಾತನ್ನಂತೂ ಹೇಳುವಂತಿಲ್ಲ. ನಮ್ಮ ಕಡೆ ಯಾರಾದರೂ ಸ್ವಲ್ಪ ಅಸಂಬದ್ಧವಾಗಿ ಮಾತಾಡಿದರೆ, ಮಾನಸಿಕ ಆಸ್ಪತ್ರೆಯಿರುವ ಊರೆಂದು, ‘ಧಾರವಾಡಕ್ಕೆ ಕಳಿಸಬೇಕು’ ಎಂದು ಪರಿಹಾಸಮಾಡುವ ಪದ್ಧತಿ ಇಂದಿಗೂ ಹೋಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು ಅಂಥ ರೋಗಿಗೆ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ. ಊರ ಬಾಯಿಗೆ ಬೀಗ ಹಾಕುವ ಅಧಿನಿಯಮ ಇನ್ನೂ ಬಂದಿಲ್ಲ.

ಸರ್ಕಾರವೇ ಎಡವಿದ ಸಂದರ್ಭವೂ ಇದೆ. ಕೋವಿಡ್ ಆರಂಭವಾದ 2020ರ ಮಾರ್ಚ್ ತಿಂಗಳಿನಲ್ಲಿ, ವಿದೇಶದಿಂದ ಬಂದು ಹೋಮ್ ಕ್ವಾರಂಟೈನಿನಲ್ಲಿದ್ದವರ ಮನೆ ವಿಳಾಸಗಳ ಪಟ್ಟಿಯನ್ನು ನಮ್ಮ ರಾಜ್ಯದಲ್ಲಿ ಬಹಿರಂಗವಾಗಿ ಪ್ರಕಟಿಸಲಾಯಿತು. ಅದು ಕ್ಷಣಮಾತ್ರದಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಭಯದ ಕಾಲದಲ್ಲಿ ವಿವೇಕ ಕುಂದುವುದು ಸಹಜವೆಂದು ಅದನ್ನು ಕ್ಷಮಿಸಬಹುದು, ಮರೆಯಬಾರದು.

ಹಾಗೆಂದು ಮಾಹಿತಿಯನ್ನು ಬಚ್ಚಿಡುವುದೇ ಧರ್ಮವೆಂದು ನಾನು ಹೇಳುತ್ತಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆಯು ಪತ್ತೆಯಾದುದು ಸತ್ತ ಮಂಗಗಳನ್ನೂ ಜ್ವರಪೀಡಿತ ಮನುಷ್ಯರನ್ನೂ ಊರೂರಿನ ಲೆಕ್ಕದಲ್ಲಿ ಜೋಡಿಸಿ ನೋಡಿದವರಿಂದ. ನಮ್ಮ ಜಿಲ್ಲೆಯಲ್ಲಿಯೂ ಅದು ತಲೆಯೆತ್ತುವುದರಿಂದ ಆ ಲೆಕ್ಕ ಮುಂದೆಯೂ ಬೇಕು. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಂಚಿನಲ್ಲಿರುವ ನಮಗೆ ಲೆಕ್ಕವಿಡುವುದನ್ನೂ ಗುಟ್ಟು ಕಾಯುವುದನ್ನೂ ಏಕಕಾಲಕ್ಕೆ ಸಾಧಿಸುವುದು ಅಸಾಧ್ಯವೆಂದು ತೋರಬೇಕಿಲ್ಲ: ಅಲ್ಲಿ ಕ್ಯಾಮೆರಾ ಇಟ್ಟು ಹುಲಿಯನ್ನು ಅದರ ಪಟ್ಟೆಯಿಂದಲೇ ಗುರುತಿಸಿ ಲೆಕ್ಕಹಾಕುತ್ತಾರೆ, ಸಂಖ್ಯೆಯನ್ನು ಪ್ರಕಟಿಸುತ್ತಾರೆಯೇ ಹೊರತು, ಹುಲಿಯು ಯಾವ ಹಳ್ಳದಲ್ಲಿ ನೀರು ಕುಡಿಯುತ್ತದೆಂಬುದನ್ನು ಬೇಟೆಗಾರನ ಕಿವಿಗೆ ಹಾಕುವುದಿಲ್ಲ.

ಕಾನೂನಿನಿಂದ ಎಷ್ಟು ರಕ್ಷಣೆ ಸಿಕ್ಕೀತು? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದಲ್ಲಿ ನಮಗೆ ನೇರವಾಗಿ ಸಂಬಂಧಿಸಿದ ಎರಡು ಅಂಶಗಳುಂಟು. ಕಾಗದದ ರೂಪದಲ್ಲಿ ಸಂಗ್ರಹಿಸಿ ತರುವಾಯ ಡಿಜಿಟಲೀಕರಿಸಿದ ಮಾಹಿತಿಗೂ ಅದು ಅನ್ವಯಿಸುತ್ತದೆ. ಎಂದರೆ ಕಪಾಟಿನಲ್ಲಿದ್ದಾಗ ಅದರ ವ್ಯಾಪ್ತಿಗೆ ಬಾರದ ಕಡತವು ಸ್ಕ್ಯಾನ್ ಆದೊಡನೆ ಅದರ ರಕ್ಷಣೆಗೆ ಒಳಪಡುತ್ತದೆ. ಎರಡನೆಯದು, ಸಮ್ಮತಿಯ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಾಗಲಿ ಓದುವ ಅವಕಾಶವನ್ನು ಕೊಡತಕ್ಕದ್ದು. ಕನ್ನಡ, ಕೊಂಕಣಿ, ಮರಾಠಿ, ಉರ್ದು ನಾಲ್ಕೂ ಆ ಪಟ್ಟಿಯಲ್ಲಿವೆ. ಮುಂಡಗೋಡಿನ ಶಿಬಿರದಲ್ಲಿ ನಮ್ಮೊಡನೆ ಬಾಳುತ್ತಿರುವ ಟಿಬೆಟನ್ನರ ಭಾಷೆಯಿಲ್ಲ. ಲೋಪವೂ ಇದೆ: 2019ರ ಮಸೂದೆಯಲ್ಲಿ ಆರೋಗ್ಯದ ಮಾಹಿತಿಗೆ ಇದ್ದ ‘ಸೂಕ್ಷ್ಮ’ ಎಂಬ ವಿಶೇಷ ಸ್ಥಾನವನ್ನು ಈ ಅಧಿನಿಯಮವು ಕೈಬಿಟ್ಟಿತು. ನನ್ನ ಮಟ್ಟಿಗೆ ಇದು ಹಿನ್ನಡೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದರೂ ಮುಖ್ಯ ಕರ್ತವ್ಯಗಳು ಜಾರಿಗೆ ಬರುವುದಕ್ಕೆ 18 ತಿಂಗಳ ಕಾಲಾವಕಾಶವನ್ನು ಕೊಡಲಾಗಿದೆ. ಸ್ಕ್ಯಾನ್ ಮಾಡುವ ಯಂತ್ರವು ಅಷ್ಟು ಕಾಲ ಕಾಯುತ್ತ ಕುಳಿತಿರುವುದಿಲ್ಲ.

ಆದುದರಿಂದ ಆಸ್ಪತ್ರೆಗಳನ್ನು ನಡೆಸುವ ಮಹನೀಯರಲ್ಲಿ ನನ್ನ ಪ್ರಾರ್ಥನೆ: ಸಮ್ಮತಿಪತ್ರವನ್ನು ಓದಲಾರದವರಿಗೆ ಅವರ ಭಾಷೆಯಲ್ಲಿ ಓದಿ ಹೇಳಿಸಿರಿ. ಸರದಿಯಲ್ಲಿ ಹತ್ತು ಜನ ನಿಂತಿರುವಾಗ ಕೌಂಟರಿನಿಂದ ರೋಗದ ಹೆಸರನ್ನು ಕೂಗಬೇಡಿರಿ. ಒಂದೇ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸಿ ಎಲ್ಲರೂ ಬಳಸುವ ಪದ್ಧತಿಯನ್ನು ನಿಲ್ಲಿಸಿರಿ. ಯಾರು ಯಾರ ಕಡತವನ್ನು ತೆರೆದರೆಂಬ ಲೆಕ್ಕ ಉಳಿಯದಿದ್ದರೆ ಮುಂದೆ ಯಾರನ್ನು ಕೇಳುವುದು? ರೋಗಿಯ ರಿಪೋರ್ಟಿನ ಫೋಟೋವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು ಅನುಕೂಲವೆನಿಸಿದರೂ ಅಪರಾಧಕ್ಕೆ ಸಮೀಪದ್ದು. ಸ್ಕ್ಯಾನ್ ಆದ ಮೂಲಪ್ರತಿಯನ್ನು ರೋಗಿಗೆ ಹಿಂದಿರುಗಿಸಿರಿ, ಬೇಡವಾದುದನ್ನು ಚೂರುಚೂರು ಮಾಡಿಸಿರಿ. ಗುಜರಿಗೆ ತೂಕಕ್ಕೆ ಹಾಕಿದ ಕಡತವು ಸಂತೆಯಲ್ಲಿ ಶೇಂಗಾ ಕಟ್ಟುವ ಹಾಳೆಯಾಗಬಾರದು.

ನಮ್ಮ ಆಶಾ ಕಾರ್ಯಕರ್ತೆಯರು ಗುಟ್ಟನ್ನು ಕಾಯುವ ಈ ಭಾರವನ್ನು ಈಗಾಗಲೇ ಸಾಕಷ್ಟು ಹೊತ್ತಿದ್ದಾರೆ. ಯಾವ ಮನೆಯಲ್ಲಿ ಕ್ಷಯವಿದೆ, ಯಾರು ಗುಳಿಗೆಯನ್ನು ಬಿಟ್ಟಿದ್ದಾರೆ ಎಂಬುದೆಲ್ಲ ಅವರಿಗೆ ಗೊತ್ತು. ಅವರಿಂದ ಹೇಳಿಸಲು ಪ್ರಯತ್ನಿಸುವವರು ನಾವೇ. ಯಂತ್ರದ ಭದ್ರತೆಯ ಬಗ್ಗೆ ಪ್ರಶ್ನಿಸುವ ಮುನ್ನ, ಕಟ್ಟೆಯ ಮೇಲೆ ಕುಳಿತು ‘ಅವರಿಗೇನಾಗಿದೆಯಂತೆ?’ ಎಂದು ಕೆದಕುವುದನ್ನು ಬಿಡೋಣ.

ಕೊನೆಯದಾಗಿ ತಮ್ಮೆಲ್ಲರಲ್ಲಿ ಬೇಡುವುದಿಷ್ಟು. ಆಭಾ ಸಂಖ್ಯೆಯನ್ನು ಈಗಾಗಲೇ ಮಾಡಿಸಿಕೊಂಡಿದ್ದರೆ ಅದು ಯಾರ ಮೊಬೈಲಿಗೆ ಜೋಡಣೆಯಾಗಿದೆಯೆಂದು ಈ ವಾರವೇ ವಿಚಾರಿಸಿರಿ; ಬೇರೆಯವರದ್ದಾಗಿದ್ದರೆ ಬದಲಾಯಿಸಿಕೊಳ್ಳಿರಿ. ಕಾಲೇಜಿಗೆ ಹೋಗುವ ಮಕ್ಕಳು ನೆರೆಯ ವೃದ್ಧರಿಗೆ ಇದರಲ್ಲಿ ನೆರವಾಗಲಿ, ಪರದೆಯ ಮೇಲೆ ಕಂಡುದನ್ನು ಅಲ್ಲಿಯೇ ಮರೆಯಲಿ. ಸರ್ಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿಗಳಿವೆ, ಹಳ್ಳಿಗಳಿಗೆ ಗ್ರಾಮಸಭೆಗಳಿವೆ. ನಮ್ಮ ಕಡತಗಳನ್ನು ಸ್ಕ್ಯಾನ್ ಮಾಡುವವರು ಯಾರು, ಪ್ರತಿ ಎಲ್ಲಿರುತ್ತದೆ, ಸೋರಿದರೆ ಉತ್ತರ ಕೊಡತಕ್ಕವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಮುಂದಿನ ಸಭೆಯಲ್ಲಿ ಎದ್ದು ನಿಂತು ಕೇಳಿರಿ, ಕೊಟ್ಟ ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಯಿಸಿರಿ.