ಎರೆ ಹೊಲಕ್ಕೆ ಕುಸುಬಿಯೇ ಸರಿ

ರಾಜಸ್ಥಾನ 2008ರಲ್ಲಿ ಇಸ್ರೇಲ್ ನೆರವಿನಿಂದ ಆಲಿವ್ ನೆಟ್ಟಿತು. ಆದರೆ ರೋಣ ಸೀಮೆಯ ಇಟಗಿಯ ಎರೆ ಹೊಲಕ್ಕೆ ಅದು ಒಗ್ಗದು. ಆಲಿವ್ ಬುಡದಲ್ಲಿ ನೀರು ನಿಲ್ಲಬಾರದು, ಹೂ ಕಟ್ಟಲು ಗಟ್ಟಿ ಚಳಿ ಬೇಕು.

ಇಲ್ಲಿನ ಎಣ್ಣೆ ಬೆಳೆ ಕುಸುಬಿ. ಅಣ್ಣಿಗೇರಿಯ ಸಂಶೋಧನಾ ಕೇಂದ್ರ ಅದಕ್ಕೆ ಎ-1 ತಳಿ ಕೊಟ್ಟಿದೆ. ಹಿಂಗಾರಿ ಜೋಳ, ಕಡಲೆಯ ನಡುವೆ ಅಕ್ಕಡಿ ಸಾಲಾಗಿ ಬಿತ್ತಿದರೆ ತಾಯಿಬೇರು ಆಳಕ್ಕಿಳಿದು, ಮೇಲ್ಮಣ್ಣು ಬಿರುಕು ಬಿಟ್ಟಾಗಲೂ ಕೆಳಗಿನ ತೇವ ಹೀರುತ್ತದೆ. ಹೊಲದಂಚಿನ ಸಾಲಿನ ಮುಳ್ಳಿಗೆ ದನ ಒಳಗೆ ಕಾಲಿಡವು.

ಮಣ್ಣಿಗೂ ಉಣಿಸಬೇಕು. ತಿಪ್ಪೆಗೊಬ್ಬರ ಮಳೆಗೆ ಮುನ್ನ ಹೊಲ ಸೇರಲಿ, ಬದು ಗಟ್ಟಿಯಿರಲಿ, ಕೂಳೆ ಸುಡುವುದು ನಿಲ್ಲಲಿ. ಎಡೆಕುಂಟೆ ಹೊಡೆದು ಬಿರುಕು ಮುಚ್ಚಿದರೆ ತೇವ ಉಳಿಯುತ್ತದೆ.

ಕುಸುಬಿಗೆ ಕೇಂದ್ರದ ಬೆಂಬಲ ಬೆಲೆ ಇದೆ. ರೋಣ, ಗಜೇಂದ್ರಗಡದಲ್ಲಿ ಸುಗ್ಗಿಯ ಹೊತ್ತಿಗೇ ಖರೀದಿ ಕೇಂದ್ರ ತೆರೆಯಲಿ, ಊರಿಗೊಂದು ಗಾಣಕ್ಕೆ ಸಹಾಯಧನ ಸಿಗಲಿ.