ನೋಡುವವರಿಲ್ಲದ ನರ್ತನ

ನವಿಲು ಕುಣಿಯಿತೆಂದು ಕೆಂಬೂತವೂ ಪುಕ್ಕ ಕೆದರಿತೆಂಬ ಗಾದೆಯನ್ನು ಕೇಳದವರಿಲ್ಲ. ಕೆಂಬೂತದ ಪಾಡು ಹಾಗಿರಲಿ. ನವಿಲು ಯಾರಿಗಾಗಿ ಕುಣಿಯುತ್ತದೆಂಬುದನ್ನು ನಾವು ವಿಚಾರಿಸಿದ್ದುಂಟೆ? ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ, ಕಾಲಭೈರವೇಶ್ವರನ ಸನ್ನಿಧಿಗೆ ಹೊಂದಿದ ಕುರುಚಲು ಕಾಡನ್ನು 1981 ರಲ್ಲಿ ನವಿಲುಧಾಮವೆಂದು ಘೋಷಿಸಿದರು. ಅದರ ವಿಸ್ತಾರ ಒಂದು ಚದರ ಕಿಲೋಮೀಟರಿಗೂ ಕಡಿಮೆ. ಮುಂಗಾರಿನ ಮೋಡ ಕವಿದಾಗ ಅಲ್ಲಿ ಗಂಡು ನವಿಲೊಂದು ಗರಿಗೆದರಿ ನಿಂತರೆ, ತನ್ನ ಹರ್ಷಕ್ಕೆ ತಾನೇ ನಲಿಯುತ್ತಿದೆಯೆಂದು ಕವಿಗಳಂತೆ ನಾವೂ ನಂಬಿಬಿಡುತ್ತೇವೆ. ಪಕ್ಷಿಶಾಸ್ತ್ರಜ್ಞರು ಅಷ್ಟು ಉದಾರಿಗಳಲ್ಲ. ಸೆಕೆಂಡಿಗೆ ಸುಮಾರು 25 ಸಲ ಗರಿಗಳನ್ನು ಅದುರಿಸುವ ಆ ಶ್ರಮವೆಲ್ಲ ಹೆಣ್ಣನ್ನು ಒಲಿಸಲಿಕ್ಕಾಗಿ. ಆದರೆ ಉದ್ದಗರಿ ಇನ್ನೂ ಮೂಡದ ಎಳೆಯ ಗಂಡುಗಳು ಕೂಡ ಮೋಟು ಬಾಲವನ್ನೇ ಎತ್ತಿ ಕುಣಿಯುತ್ತವೆಂದು ಹೇಳುವವರೂ ಅವರೇ. ಅಭ್ಯಾಸಕ್ಕೆ ಪ್ರೇಕ್ಷಕರು ಬೇಕಿಲ್ಲವಷ್ಟೆ.

ಇದನ್ನೆಲ್ಲ ಆಲೋಚಿಸುವಂತೆ ಮಾಡಿದ್ದು ಅಮೆರಿಕದಿಂದ ಬಂದ ಕಾಗದ. ಬರೆದವಳು ನನ್ನ ಹಳೆಯ ವಿದ್ಯಾರ್ಥಿನಿ, ಪಾಂಡವಪುರದ ಕಡೆಯವಳು. ಅಲ್ಲಿ ಅವರದು ಮರದ ನೆಲದ ಮಹಡಿಮನೆ. ತಟ್ಟಡವಿಗೆ ಕಾಲಿಟ್ಟರೆ ಕೆಳಮನೆಯವರ ತಲೆಯ ಮೇಲೆ ಗುಡುಗು. ದೂರು ಬಂದ ಮೇಲೆ ಗೆಜ್ಜೆ ಪೆಟ್ಟಿಗೆಯ ತಳ ಸೇರಿತು. ಎರಡು ವರ್ಷದ ತರುವಾಯ ಊರಿನ ಸಣ್ಣ ರಂಗಮಂದಿರದವರು ವಾರದ ಎರಡು ಮಧ್ಯಾಹ್ನ ವೇದಿಕೆಯನ್ನು ಬಿಟ್ಟುಕೊಟ್ಟರಂತೆ. ಖಾಲಿ ವೇದಿಕೆಯ ನಡುವೆ ಒಂಟಿ ದೀಪ ಉರಿಯುತ್ತಿರುತ್ತದೆ. ಕತ್ತಲೆಯಲ್ಲಿ ಯಾರೂ ವಾದ್ಯವೃಂದದ ಗುಂಡಿಗೆ ಬೀಳದಿರಲೆಂದು ಇಡುವ ಇದನ್ನು ಆ ದೇಶದ ರಂಗಭೂಮಿಯವರು ದೆವ್ವದ ದೀಪವೆನ್ನುತ್ತಾರೆ. "ಆ ಒಂದು ಗಂಟೆ ನಾನು ಯಾರ ಹೆಂಡತಿಯೂ ಅಲ್ಲ, ತಾಯಿಯೂ ಅಲ್ಲ, ಮೇಷ್ಟ್ರೇ. ಈಗ ಜನರ ಮುಂದೆ ಕುಣಿಯುವ ಆಸೆಯೇ ಹೋಗಿದೆ. ಇದು ತಪ್ಪೆ?" ಎಂದು ಕೇಳಿದ್ದಾಳೆ.

ತಪ್ಪೆನ್ನಲು ನಾನು ಯಾರು? ಆದರೂ ಖಾಲಿ ಮಂದಿರ ನಿಶ್ಶಬ್ದವೆಂಬ ಅವಳ ಮಾತನ್ನು ಒಪ್ಪಲಾರೆ. 1895 ರಲ್ಲಿ ಹಾರ್ವರ್ಡಿನ ವ್ಯಾಲೇಸ್ ಸೇಬಿನ್ ಎಂಬ ಯುವಕ ಅಧ್ಯಾಪಕರು, ಮಾತು ಅಸ್ಪಷ್ಟವಾಗಿ ಮಾರ್ದನಿಗೊಳ್ಳುತ್ತಿದ್ದ ಉಪನ್ಯಾಸಶಾಲೆಯೊಂದನ್ನು ಪರೀಕ್ಷಿಸತೊಡಗಿದರು. ರಂಗಮಂದಿರವೊಂದರ ಮೆತ್ತೆಗಳನ್ನು ರಾತ್ರಿಯ ಹೊತ್ತು ಹೊರಿಸಿ ತಂದು ಜೋಡಿಸಿ, ಧ್ವನಿ ಎಷ್ಟು ಹೊತ್ತು ಉಳಿಯುತ್ತದೆಂದು ಅಳೆದರು. ಮೆತ್ತೆ ಹೆಚ್ಚಿದಂತೆ ಮಾರ್ದನಿ ಕುಗ್ಗಿತು. ಮನುಷ್ಯರ ಮೈಬಟ್ಟೆಯೂ ಹಾಗೆಯೇ ಧ್ವನಿಯನ್ನು ನುಂಗುತ್ತದೆ. ಜನವಿಲ್ಲದ ಮಂದಿರದಲ್ಲಿ ಅರೆಮಂಡಿಯ ಒಂದೊಂದು ಹೆಜ್ಜೆಯೂ ತಡವಾಗಿ, ದೊಡ್ಡದಾಗಿ ಹಿಂದಿರುಗುತ್ತದೆ. ನಟ್ಟುವನಾರರ ಕೋಲಿಲ್ಲದಿದ್ದರೂ ತಾಳ ತಪ್ಪಿದ್ದು ಕಿವಿಗೆ ಬೀಳುತ್ತದೆ. ಆ ಏಕಾಂತ ನಿರ್ದಯವಾದದ್ದು, ಅದಕ್ಕಾಗಿಯೇ ಬೆಲೆಯುಳ್ಳದ್ದು.

ಬೆಂಗಳೂರಿನಲ್ಲಿ ಹುಟ್ಟಿದ ರಾಮಗೋಪಾಲರು 1939 ರಲ್ಲಿ ಲಂಡನ್ನಿನ ಆಲ್ಡ್ವಿಚ್ ಮಂದಿರದಲ್ಲಿ ನರ್ತಿಸಿದಾಗ, ಭರತನಾಟ್ಯವೆಂದರೇನೆಂದು ಅರಿತವರು ಅಲ್ಲಿ ಎಷ್ಟು ಮಂದಿ ಇದ್ದಾರು? ತುಂಬಿದ ಸಭೆಯ ನಡುವೆಯೂ ನರ್ತಕನಿಗೆ ಒಂಟಿತನವುಂಟು. ಅದನ್ನು ದಾಟಲು ಅವರಿಗೆ ಒದಗಿದ್ದು ಮೀನಾಕ್ಷಿಸುಂದರಂ ಪಿಳ್ಳೆಯವರಂಥ ಗುರುಗಳ ಬಳಿ ಬೆವರು ಹರಿಸಿದ ಅಭ್ಯಾಸ.

ಭರತಮುನಿ ನಾಟ್ಯಶಾಸ್ತ್ರದಲ್ಲಿ ಪ್ರಯೋಗದ ಸಿದ್ಧಿಯನ್ನು ಮಾನುಷೀ, ದೈವೀ ಎಂದು ಎರಡಾಗಿ ವಿಂಗಡಿಸುತ್ತಾನೆ. ನಗು, ಸಾಧುವಾದ, ರೋಮಾಂಚ ಇವೆಲ್ಲ ಮಾನುಷೀ. ರಂಗವು ಜನರಿಂದ ತುಂಬಿದ್ದೂ ಸದ್ದಿಲ್ಲದೆ, ಕ್ಷೋಭೆಯಿಲ್ಲದೆ ಇರುವುದೇ ದೈವೀ ಸಿದ್ಧಿಯ ಗುರುತು. ಖಾಲಿ ಮಂದಿರದ ಮೌನವನ್ನು ಅವನು ಲೆಕ್ಕಕ್ಕೇ ಹಿಡಿದಿಲ್ಲ. ಅದು ಕಟ್ಟಡದ ಮೌನ. ಇದು ಮನುಷ್ಯರು ಉಸಿರು ಬಿಗಿಹಿಡಿದಾಗಿನ ಮೌನ.

ಇಷ್ಟನ್ನು ಬರೆದು, ಮಧ್ಯಾಹ್ನದ ಆ ಗಂಟೆಯನ್ನು ಯಾರಿಗೂ ಬಿಟ್ಟುಕೊಡಬೇಡವೆಂದು ಸೇರಿಸಿದೆ. ಕೊನೆಯ ಸಾಲಿನಲ್ಲಿ, ಒಂದು ದಿನ ಕೆಳಮನೆಯವರನ್ನೇ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಮ್ಮ ಎಂದೆ. ಉತ್ತರ ಇನ್ನೂ ಬಂದಿಲ್ಲ.