ಶೀರ್ಷಿಕೆಯ ಶ್ಲೇಷೆಗೆ ಪಾಠದಲ್ಲಿ ಜಾಗ ಎಲ್ಲಿ?

ನಾನು ವೀಕ್ಷಿಸುವ ಇಂಗ್ಲಿಷ್ ಪಾಠಗಳಲ್ಲಿ ಈಚೆಗೆ ಪ್ರೇರಣೆಯ ಹಂತಕ್ಕೆ ಅಣಕು ಕಾದಂಬರಿಯ ಹೆಸರೊಂದನ್ನು ತರುವುದು ರೂಢಿಯಾಗುತ್ತಿದೆ. 'ಲಾರ್ಡ್ ಆಫ್ ದಿ ರಿಂಗ್ಸ್' ಪಕ್ಕದಲ್ಲಿ 1969ರ 'ಬೋರ್ಡ್ ಆಫ್ ದಿ ರಿಂಗ್ಸ್' ಎಂದು ಹೇಳುತ್ತಾರೆ. (ನಮ್ಮ ಮಕ್ಕಳ ಕಿವಿಗೆ ಅದು ಕರಿಹಲಗೆಯ ಬೋರ್ಡೇ!) ಮೂಲವನ್ನು ಬಲ್ಲ ಇಬ್ಬರು ನಗುತ್ತಾರೆ; ಉಳಿದವರು ಆ ಇಬ್ಬರ ಮುಖ ನೋಡಿ ನಗುತ್ತಾರೆ. ವೀಕ್ಷಣಾ ಹಾಳೆಯಲ್ಲಿ 'ಪ್ರೇರಣೆ ಉತ್ತಮ' ಎಂದು ದಾಖಲಾಗುತ್ತದೆ. ಈ ಷರಾಕ್ಕೆ ನನ್ನ ಆಕ್ಷೇಪವಿದೆ. ಮನೆಯಲ್ಲಿ ಇಂಗ್ಲಿಷ್ ಪುಸ್ತಕವಿಲ್ಲದ ಮಗು ಪಾಠದ ಮೊದಲ ನಿಮಿಷದಲ್ಲೇ ತಿಳಿದಂತೆ ನಟಿಸುವುದನ್ನು ಕಲಿಯಿತು, ಅಷ್ಟೆ.

ಶ್ಲೇಷೆಯ ಶೀರ್ಷಿಕೆ ಮೂಲವನ್ನು ಓದಿದವರಿಗೇ ಬರೆದದ್ದು. ರಿಚರ್ಡ್‌ಸನ್ನನ 'ಪಮೆಲಾ' ಬಂದದ್ದು 1740ರ ನವೆಂಬರಿನಲ್ಲಿ. ಯಜಮಾನನ ಕಾಟಕ್ಕೆ ಮಣಿಯದ ಸೇವಕಿಯೊಬ್ಬಳು ಹೆತ್ತವರಿಗೆ ಪತ್ರ ಬರೆಯುತ್ತಾಳೆ; ಕೊನೆಗೆ ಅವನನ್ನೇ ಮದುವೆಯಾಗುತ್ತಾಳೆ. 1741ರ ಏಪ್ರಿಲ್‌ನಲ್ಲಿ ಫೀಲ್ಡಿಂಗ್ ಹೆಸರು ಮರೆಸಿಕೊಂಡು 'ಶಮೆಲಾ' ಪ್ರಕಟಿಸಿದ. 'ಶ್ಯಾಮ್' ಎಂದರೆ ಸೋಗು. ಒಂದೇ ಅಕ್ಷರದ ಬದಲಾವಣೆಯಲ್ಲಿ ಇಡೀ ವಿಮರ್ಶೆ ಅಡಗಿದೆ. ಅವನ ನಾಯಕಿ ಶೀಲವನ್ನು ಬಂಡವಾಳ ಮಾಡಿಕೊಂಡ ಚತುರೆ. ಘಟನೆ ನಡೆಯುತ್ತಿರುವಾಗಲೇ ಪತ್ರ ಬರೆಯುವ ರಿಚರ್ಡ್‌ಸನ್ನನ ತಂತ್ರವನ್ನೂ ಅವನು ಬಿಡಲಿಲ್ಲ: ಯಜಮಾನ ಕೋಣೆಯೊಳಗೆ ಕಾಲಿಡುತ್ತಿದ್ದರೂ ಹಾಸಿಗೆಯಲ್ಲಿರುವ ಶಮೆಲಾಳ ಲೇಖನಿ ನಿಲ್ಲುವುದಿಲ್ಲ. ಮೂಲದ ಪತ್ರಗಳನ್ನು ನಾಲ್ಕು ಪುಟ ಓದಿದ ವಿದ್ಯಾರ್ಥಿಗೆ ಇದು ಥಟ್ಟನೆ ಹೊಳೆಯುತ್ತದೆ. ಓದದವನಿಗೆ ಎಷ್ಟು ವಿವರಿಸಿದರೂ ನಗೆ ಬಾರದು.

ಆದ್ದರಿಂದ ಅಣಕು ಸೇರಬೇಕಾದದ್ದು ಮೌಲ್ಯಮಾಪನದ ಹಂತಕ್ಕೆ. 'ಲೇಖಕನ ಶೈಲಿಯ ಲಕ್ಷಣಗಳನ್ನು ಬರೆಯಿರಿ' ಎಂಬ ಪ್ರಶ್ನೆಗೆ ಮಕ್ಕಳು ಗೈಡಿನ ಸಾಲು ಒಪ್ಪಿಸುತ್ತಾರೆ. 'ಇಲ್ಲಿ ಮೂಲದ ಯಾವ ಚಾಳಿಯನ್ನು ಗೇಲಿ ಮಾಡಿದೆ?' ಎಂದರೆ ಮೂಲಕ್ಕೇ ಮರಳಬೇಕು. ನಲವತ್ತು ನಿಮಿಷದ ಅವಧಿಯಲ್ಲಿ ಇದಕ್ಕೆ ವೇಳೆಯೆಲ್ಲಿ ಎಂಬ ಸಹೋದ್ಯೋಗಿಗಳ ಮಾತು ನಿಜ. ಹಾಗಾದರೆ ಎರಡನೆಯ ಅವಧಿಗೆ ಇಡಿ, ಇಲ್ಲವೇ ಕೈಬಿಡಿ. ಪೀಠಿಕೆಗೆ ಮಾತ್ರ ಬೇಡ.

ಪ್ರೇರಣೆಗೆ ಶ್ಲೇಷೆಯೇ ಬೇಕೆನ್ನುವವರಿಗೆ ನಾ. ಕಸ್ತೂರಿಯವರ 'ಅನರ್ಥಕೋಶ' ಇದೆ. ಅರ್ಥಕೋಶವೆಂದರೇನೆಂದು ಎಂಟನೆಯ ತರಗತಿಯ ಹಿಂದಿನ ಬೆಂಚಿಗೂ ಗೊತ್ತು. ಅಲ್ಲಿ ಎಲ್ಲರೂ ಒಟ್ಟಿಗೇ ನಗುತ್ತಾರೆ.